ಮೇಜು ನಡುವೆ ನಿಲ್ಲಿಸಿ ಬಿಗಿ ಮಾಡಿ

ಫೆಬ್ರವರಿ 3

ಮಾವನವರಿಗೆ ಅಳಿಯನ ನಮಸ್ಕಾರಗಳು.

ಲೋಹ ಕೊರೆಯುವ ನಿಮ್ಮ ಮಿಲ್ಲಿಂಗ್ ಯಂತ್ರ ಒಂದು ಗೀರೂ ಬೀಳದೆ ಬಂದು ಸೇರಿತು. ಹಿಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಇಟ್ಟಿದ್ದೇವೆ. ನಿಮ್ಮ ಮಗಳು ಇಸ್ತ್ರಿ ಮಾಡುತ್ತಿದ್ದ ಜಾಗ ಅದು. "ಅಪ್ಪನ ಯಂತ್ರ ಅಂತ ಬಿಟ್ಟುಕೊಡ್ತಿದೀನಿ. ನಿಮ್ಮದಾಗಿದ್ರೆ ಅಂಗಳದಲ್ಲಿ ಇಡಿಸ್ತಿದ್ದೆ" ಎಂದಳು. ಫೋನಿನಲ್ಲಿ ನಿಮಗೆ ಮಾತು ಕೇಳಿಸುವುದಿಲ್ಲ, ಅತ್ತೆಯವರ ಮೂಲಕ ಹೇಳಿಸಿದರೆ ಸ್ಕ್ರೂ ಹೋಗಿ ಸೌಟು ಆಗುತ್ತದೆ. ಹಾಗಾಗಿ ಈ ಕಾಗದ.

ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನನ್ನ ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಕಡ್ಡಿಗೆ ತೂತು ಕೊರೆಯುವಾಗ ಅದು ಅಲುಗದಂತೆ ಹಿಡಿದುಕೊಳ್ಳಲು ಅಲ್ಯೂಮಿನಿಯಮ್ಮಿನ ಒಂದು ಹಿಡಿ ಬೇಕಿತ್ತು. ಎರಡು ಪಟ್ಟಿ, ಒಂದರ ತೂತು ಇನ್ನೊಂದರ ತೂತಿನ ಮೇಲೆ ಸರಿಯಾಗಿ ಕೂರಬೇಕು, ಅಷ್ಟೇ. ಕೂರುತ್ತಿಲ್ಲ. ಹ್ಯಾಂಡಲನ್ನು ಒಂದೇ ಕಡೆಗೆ ತಿರುಗಿಸುತ್ತಾ ಹೋದರೆ ಪಟ್ಟಿ ಕೂರಿಸಿದ ಯಂತ್ರದ ಮೇಜು ಹೇಳಿದ ಮಾತು ಕೇಳುತ್ತದೆ. ದಿಕ್ಕು ಬದಲಿಸಿದೆನೋ, ಹ್ಯಾಂಡಲ್ ಸ್ವಲ್ಪ ದೂರ ಖಾಲಿ ತಿರುಗುತ್ತದೆ, ಮೇಜು ನಿಂತಲ್ಲೇ ನಿಂತಿರುತ್ತದೆ. ನಾನು ಹ್ಯಾಂಡಲಿನ ಗೆರೆಗಳನ್ನು ನಂಬಿ ಕೊರೆದು ಕೆಟ್ಟೆ. ಇದು ಯಂತ್ರದ ತೊಂದರೆಯೋ ನನ್ನ ಕೈಯದೋ ಗೊತ್ತಾಗುತ್ತಿಲ್ಲ. ನನ್ನದೇ ಇರಬೇಕು.

ನಿಮ್ಮ ಅಳಿಯ


ಫೆಬ್ರವರಿ 11

ಅಳಿಯಂದಿರಿಗೆ ಆಶೀರ್ವಾದ.

ಕಾಗದ ಬಂದಾಗ ಊಟಕ್ಕೆ ಕೂತಿದ್ದೆ. ಅರ್ಧಕ್ಕೇ ಎದ್ದು ಉತ್ತರ ಬರೆಯಲು ಹೊರಟಿದ್ದಕ್ಕೆ ನಿಮ್ಮ ಅತ್ತೆ ಬೈದಳು. ಬೈಯಲಿ. ಈ ಮೂರನೇ ಮಹಡಿಯ ಪುಟ್ಟ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಇದೇ ಮೊದಲು. ಇಲ್ಲಿ ನನಗೆ ವಹಿಸಿದ್ದ ಕೆಲಸ ಹಾಲು ಉಕ್ಕದಂತೆ ನೋಡಿಕೊಳ್ಳುವುದು. ಉಕ್ಕಿಸಿದೆ. ಆ ಕೆಲಸವನ್ನೂ ಕಿತ್ತುಕೊಂಡರು.

ನಿಮ್ಮ ಯಂತ್ರಕ್ಕೆ ಬಂದಿರುವ ರೋಗದ ಹೆಸರು ಬ್ಯಾಕ್‌ಲ್ಯಾಶ್. ಹೆದರಬೇಡಿ, ನೆಗಡಿಯಷ್ಟೇ ಸಾಮಾನ್ಯ. ಮೇಜಿನ ಹೊಟ್ಟೆಯೊಳಗೆ ಒಂದು ಉದ್ದನೆಯ ಸ್ಕ್ರೂ ಇದೆ. ಅದು ಹಿತ್ತಾಳೆಯ ನಟ್ಟಿನೊಳಗೆ ತಿರುಗಿದಾಗ ಮೇಜು ಓಡುತ್ತದೆ. ಸ್ಕ್ರೂವಿನ ಹಲ್ಲಿಗೂ ನಟ್ಟಿನ ಹಲ್ಲಿಗೂ ಮಧ್ಯೆ ಸಂದು ಬಿದ್ದರೆ, ದಿಕ್ಕು ಬದಲಿಸಿದಾಗ ಆ ಸಂದು ದಾಟುವ ತನಕ ಹ್ಯಾಂಡಲ್ ಪುಕ್ಕಟೆ ತಿರುಗುತ್ತದೆ. ಅಷ್ಟೇ ವಿಷಯ.

ಮೊದಲು ಅಳತೆ. ಡಯಲ್ ಗೇಜನ್ನು ಮೇಜಿನ ತುದಿಗೆ ತಾಗಿಸಿ ನಿಲ್ಲಿಸಿ. ಹ್ಯಾಂಡಲನ್ನು ಒಂದು ಕಡೆಗೆ ತಿರುಗಿಸಿ, ಗೇಜಿನ ಮುಳ್ಳು ಕದಲಲಿ. ಈಗ ಹಿಂದಕ್ಕೆ ತಿರುಗಿಸಿ. ಮುಳ್ಳು ಮತ್ತೆ ಕದಲುವ ಹೊತ್ತಿಗೆ ಹ್ಯಾಂಡಲಿನ ಎಷ್ಟು ಗೆರೆ ದಾಟಿದವೋ ಅಷ್ಟು ನಿಮ್ಮ ಬ್ಯಾಕ್‌ಲ್ಯಾಶ್. ಆಮೇಲೆ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತಳ್ಳಿ. ಹ್ಯಾಂಡಲೂ ಜೊತೆಗೆ ಒಳಗೆ ಹೊರಗೆ ಆಡಿದರೆ ತಪ್ಪು ಅದರ ಹಿಂದಿನ ಬೇರಿಂಗಿನದು, ಅಲ್ಲಿಯ ಲಾಕ್ ನಟ್ ಬಿಗಿ ಮಾಡಿ. ಆಡದಿದ್ದರೆ ತಪ್ಪು ಹಿತ್ತಾಳೆ ನಟ್ಟಿನದು.

ಪಂಪು ಕಾರ್ಖಾನೆಯಲ್ಲಿ ಇಡೀ ನೌಕರಿ ನಕ್ಷೆ ಬರೆದು ಕಳೆದವನು ನಾನು. ಮನೆಗೆ ಬಂದು ಈ ಯಂತ್ರದ ಮುಂದೆ ನಿಂತಾಗಲೇ ನನಗೆ ಊಟ ರುಚಿಸುತ್ತಿದ್ದುದು. ನಿಮ್ಮ ಮದುವೆ ಮಾತುಕತೆಯ ದಿನ "ಗೋಡೆಗೊಂದು ಮೊಳೆ ಹೊಡೆಯೋಕೆ ಬರುತ್ತೇನ್ರಿ?" ಅಂತ ಕೇಳಿದ್ದೆನಲ್ಲ, ನೀವು "ಕಲೀತೀನಿ" ಅಂದಿರಿ. ನಾನು ಆವತ್ತೇ ಆಸೆ ಬಿಟ್ಟಿದ್ದೆ. ಈಗ ನೀವಾಗಿಯೇ ಯಂತ್ರ ಕೊಡಿ ಅಂತ ಕೇಳಿದಿರಿ. ಪರವಾಗಿಲ್ಲ.

ಮಾವ


ಫೆಬ್ರವರಿ 19

ಮಾವನವರಿಗೆ,

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಬೇರಿಂಗಿನ ಲಾಕ್ ನಟ್ ನಿಜವಾಗಿಯೂ ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ ಬ್ಯಾಕ್‌ಲ್ಯಾಶ್ ಅರ್ಧಕ್ಕರ್ಧ ಇಳಿಯಿತು. ಖುಷಿಯಿಂದ ನಿಮ್ಮ ಮಗಳನ್ನು ಕರೆದು ತೋರಿಸಿದೆ. "ಏನು ಬದಲಾಯ್ತು?" ಎಂದಳು. ಮುಳ್ಳು ನೋಡು ಎಂದೆ. ನೋಡಿ, ಒಲೆಯ ಮೇಲೆ ಏನೋ ಇದೆ ಅಂತ ಹೋದಳು.

ಉಳಿದ ಅರ್ಧ ಹಿತ್ತಾಳೆ ನಟ್ಟಿನದು. ಮೇಜು ಬಿಚ್ಚಿ ನೋಡಿದೆ. ನಟ್ಟಿನಲ್ಲಿ ಒಂದು ಸೀಳಿದೆ, ಆ ಸೀಳನ್ನು ಹತ್ತಿರ ಮಾಡುವ ಚಿಕ್ಕ ಸ್ಕ್ರೂ ಇದೆ. ಅದನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಆದರೆ ಒಂದು ವಿಚಿತ್ರ ಆಗುತ್ತಿದೆ. ಮೇಜು ನಡುವೆ ಇರುವಾಗ ಇನ್ನೂ ಆ ಸಡಿಲದ ಆಟ ಉಳಿದಿದೆ. ಎರಡೂ ತುದಿಗಳಿಗೆ ಹೋದರೆ ಈಗಲೇ ಹ್ಯಾಂಡಲ್ ಬಿಗಿಯಾಗಿ ತಿರುಗುತ್ತದೆ. ಇನ್ನೂ ಬಿಗಿ ಮಾಡಲು ನನಗೆ ಭಯ. ಇಲ್ಲಿಗೇ ನಿಲ್ಲಿಸಲೇ? ಉಳಿದ ಆಟ ಇದ್ದರೂ ಒಂದೇ ದಿಕ್ಕಿನಿಂದ ಮೇಜನ್ನು ತಂದು ಕೊರೆದರೆ ತೂತುಗಳು ಸರಿಯಾಗಿಯೇ ಕೂರುತ್ತವೆ, ಪರೀಕ್ಷೆ ಮಾಡಿದೆ.

ನಿಮ್ಮ ಮಾತಿಗೆ ಕಾಯುತ್ತೇನೆ.

ಅಳಿಯ


ಫೆಬ್ರವರಿ 26

ಅಳಿಯಂದಿರೇ,

ನಿಲ್ಲಿಸಲೇ ಅಂತ ಕೇಳಿದ್ದೀರಿ. ಯಾಕೆ ನಿಲ್ಲಿಸುತ್ತೀರಿ? ರೋಗ ಅರ್ಧ ವಾಸಿಯಾದ ಮೇಲೆ ಔಷಧಿ ಬಿಡುವವರ ಜಾತಿಗೆ ಸೇರಿದವರೇ ನೀವೂ? ಯಂತ್ರದ ಮುಂದೆ ನಿಂತು ನೀವು "ದಯವಿಟ್ಟು" ಅನ್ನುತ್ತೀರೇನೋ ಅಂತ ನನಗೆ ಅನುಮಾನ.

ಮೇಜನ್ನು ನಡುವೆ ನಿಲ್ಲಿಸಿ. ಆ ಚಿಕ್ಕ ಸ್ಕ್ರೂವನ್ನು ಆಟ ಪೂರ್ತಿ ಸಾಯುವ ತನಕ ಬಿಗಿ ಮಾಡಿ. ಮುಳ್ಳು ಮತ್ತು ಹ್ಯಾಂಡಲ್ ಒಟ್ಟಿಗೇ ಕದಲಬೇಕು. ತುದಿಯಲ್ಲಿ ಬಿಗಿ ಅನ್ನುವುದೆಲ್ಲ ನಿಮ್ಮ ತೋಳಿನ ಕಥೆ. ದಿನವಿಡೀ ಕನ್ನಡಕದ ಕಡ್ಡಿ ಹಿಡಿಯುವ ಕೈ, ಅದಕ್ಕೆ ಬಾಗಿಲ ಚಿಲಕವೂ ಬಿಗಿಯೇ. ಒಂದಿಷ್ಟು ಎಣ್ಣೆ ಬಿಟ್ಟು ಜೋರಾಗಿ ತಿರುಗಿಸಿ, ತಾನಾಗಿಯೇ ಹಾದಿ ಮಾಡಿಕೊಳ್ಳುತ್ತದೆ. ಒಂದೇ ದಿಕ್ಕಿನಿಂದ ತಂದು ಕೊರೆಯುವುದು ಕೈಲಾಗದವರ ಉಪಾಯ. ಯಂತ್ರ ಹೊಸದಿದ್ದಾಗ ನಾನು ಹೀಗೇ ಮಾಡಿದ್ದು, ಕೂದಲೆಳೆಯಷ್ಟೂ ಆಟ ಇರಲಿಲ್ಲ.

ಮುಂದಿನ ಕಾಗದದಲ್ಲಿ "ಆಯಿತು" ಅನ್ನುವ ಒಂದು ಪದ ಸಾಕು ನನಗೆ.

ಮಾವ


ಮಾರ್ಚ್ 20

ಮಾವನವರಿಗೆ,

ಆಯಿತು. ನೀವು ಹೇಳಿದಂತೆ ಮಾಡಿದೆ.

ಇಲ್ಲಿ ಎಲ್ಲರೂ ಆರೋಗ್ಯ.

ಅಳಿಯ


ಮಾರ್ಚ್ 27

ಅಳಿಯಂದಿರಿಗೆ,

ಭೇಷ್! ಕಾಗದ ತಡವಾಯಿತು ಅಂತ ನಾನು ಅಂಚೆಯವನ ಮೇಲೆ ಸಿಡಿಮಿಡಿಗೊಂಡಿದ್ದೆ, ಪಾಪ. ಈಗ ಅವನಿಗೂ ನಿಮ್ಮ ಕಾಗದ ತೋರಿಸಿದೆ. ಎಷ್ಟು ಚಿಕ್ಕದಾಗಿ ಬರೆದಿದ್ದೀರಿ! ನಿಜವಾಗಿ ಕೆಲಸ ಮಾಡುವವರ ಕಾಗದ ಹೀಗೇ ಇರುತ್ತದೆ. ಮೊದಲಿನ ಕಾಗದಗಳಲ್ಲಿ ಭಯ, ಅನುಮಾನ, ನಾಚಿಕೆ ಎಲ್ಲ ತುಂಬಿಕೊಂಡಿತ್ತು. ಈಗ ನೋಡಿ, ಕೆಲಸವೊಂದೇ ಉಳಿದಿದೆ.

ಕೆಳಗಿನ ಮನೆಯ ನಿವೃತ್ತ ಮೇಷ್ಟರಿಗೆ ನಿಮ್ಮ ವಿಷಯ ಹೇಳಿದೆ. "ಕಾಗದದಲ್ಲೇ ಯಂತ್ರ ರಿಪೇರಿ ಮಾಡಿಸಿದ್ರಾ?" ಅಂದರು. ಅವರಿಗೆ ಹೊಟ್ಟೆಕಿಚ್ಚು, ಅವರ ಅಳಿಯ ಬಲ್ಬು ಹಾಕಲೂ ಆಳು ಕರೆಸುತ್ತಾನೆ.

ಆ ಕನ್ನಡಕದ ಹಿಡಿ ಮಾಡಿ ಮುಗಿಸಿ ನನಗೊಂದು ಕಳಿಸಿ. ತೂತು ಅಳೆಯಬೇಕು.

ಮಾವ


ಏಪ್ರಿಲ್ 15

ಮಾವನವರಿಗೆ ನಮಸ್ಕಾರ.

ಹಿಡಿಯನ್ನು ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ತಡವಾಯಿತು, ಅಂಗಡಿಯಲ್ಲಿ ಕೆಲಸ ಜಾಸ್ತಿ.

ಯಂತ್ರ ಚೆನ್ನಾಗಿ ಓಡುತ್ತಿದೆ. ನಡುವೆಯೂ ತುದಿಯಲ್ಲಿಯೂ ಒಂದೇ ಹದ. ಒಂದು ಪ್ರಶ್ನೆ ಇತ್ತು. ಅಲ್ಯೂಮಿನಿಯಂ ಕತ್ತರಿಸುವಾಗ ಕಟ್ಟರಿಗೆ ಮೆತ್ತಿಕೊಳ್ಳದಿರಲು ಯಾವ ಎಣ್ಣೆ ಒಳ್ಳೆಯದು? ಅವಸರವಿಲ್ಲ, ನಿಮಗೆ ಬಿಡುವಾದಾಗ ಬರೆಯಿರಿ. ನಿಮ್ಮ ಕಾಗದ ಬಂದರೆ ಇಲ್ಲಿ ಇಬ್ಬರಿಗೂ ಖುಷಿ.

ಅಳಿಯ


ಏಪ್ರಿಲ್ 24

ಅಳಿಯಂದಿರಿಗೆ,

ಸೀಮೆಎಣ್ಣೆ. ಬ್ರಷ್ಷಿನಲ್ಲಿ ಆಗಾಗ ಹಚ್ಚಿ, ಹತ್ತಿರ ಬೆಂಕಿ ಇರದಿರಲಿ. ಇದು ಪ್ರಶ್ನೆಯ ಉತ್ತರ. ಇನ್ನು ಮುಖ್ಯ ವಿಷಯ.

ಹಿಡಿ ಬಂತು. ಅಳೆದೆ. ಮತ್ತೆ ಅಳೆದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದೆ. ತೂತುಗಳು ಒಂದರ ಮೇಲೊಂದು ಕೂತು ಪಿನ್ನು ತನ್ನ ಭಾರಕ್ಕೇ ಜಾರಿ ಇಳಿಯುತ್ತದೆ. ಅಂಚುಗಳನ್ನು ಎಷ್ಟು ನಯವಾಗಿ ಉಜ್ಜಿದ್ದೀರಿ! ಇಂಥ ಕೆಲಸ ನನ್ನಿಂದ ಯಾವತ್ತೂ ಆಗಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳುವ ಮನುಷ್ಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗಳನ್ನು ನಿಮಗೆ ಕೊಡುವಾಗ ನನಗೆ ಮನಸ್ಸಿರಲಿಲ್ಲ, ಅದು ನಿಮಗೂ ಗೊತ್ತು. ನಾನು ಮನುಷ್ಯರನ್ನು ಅಳೆಯುವುದರಲ್ಲಿ ಅಷ್ಟು ಚುರುಕಲ್ಲ ಅಂತ ಈಗ ಅನ್ನಿಸುತ್ತಿದೆ. ಹಿಡಿಯನ್ನು ಟೀವಿಯ ಪಕ್ಕ ಇಟ್ಟಿದ್ದೇನೆ.

ಮೇ ತಿಂಗಳ ಮಧ್ಯದಲ್ಲಿ ಬರುತ್ತೇನೆ. ಯಂತ್ರದ ಮುಂದೆ ಇಬ್ಬರೂ ನಿಂತು ಏನಾದರೂ ಮಾಡೋಣ.

ಮಾವ


ಮೇ 2

ಮಾವನವರಿಗೆ,

ನೀವು ಬರುವುದು ಸಂತೋಷ. ಆದರೆ ಮೇ ತಿಂಗಳಲ್ಲಿ ಹಿಂದಿನ ಕೋಣೆಗೆ ಬಣ್ಣ ಹೊಡೆಸೋಣ ಎಂದಿದ್ದೇವೆ. ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಬೇಕಾಗುತ್ತದೆ, ನಿಮಗೆ ನೋಡಲೂ ಆಗುವುದಿಲ್ಲ. ಸೆಕೆಯೂ ವಿಪರೀತ. ಜುಲೈ ಆದರೆ ಒಳ್ಳೆಯದೇನೋ.

ಅಳಿಯ


ಮೇ 5

ಮಾವನವರಿಗೆ,

ಮೊನ್ನೆಯ ಕಾಗದ ನಿಮಗೆ ತಲುಪಿದ್ದರೆ ಹರಿದುಹಾಕಿ. ಬಣ್ಣ ಗಿಣ್ಣ ಏನೂ ಇಲ್ಲ.

ಯಂತ್ರ ಇಲ್ಲಿಲ್ಲ. ಮಾರ್ಚ್ ತಿಂಗಳಲ್ಲೇ ಮಾರಿಬಿಟ್ಟೆ. ಪಕ್ಕದ ಮನೆಯವರು ಸದ್ದು ಅಂತ ಗಲಾಟೆ ಮಾಡುತ್ತಿದ್ದರು. ನಿಮ್ಮನ್ನು ಕೇಳದೆ ಕೊಟ್ಟೆ. ಆಮೇಲೆ ಹೇಳೋಣ ಎಂದುಕೊಂಡೆ, ಅಷ್ಟರಲ್ಲಿ ನಿಮ್ಮ "ಭೇಷ್" ಬಂತು. ಅದನ್ನು ಓದಿದ ಮೇಲೆ ಬಾಯಿ ಬರಲಿಲ್ಲ.

ನಿಮಗೆ ಕಳಿಸಿದ ಹಿಡಿ ನಾನು ಮಾಡಿದ್ದಲ್ಲ. ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ನೀವು ಅದನ್ನು ಟೀವಿಯ ಪಕ್ಕ ಇಟ್ಟಿದ್ದೀರಿ ಎಂದು ನಿಮ್ಮ ಮಗಳು ಓದಿ ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಯಿರಿ.

ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಕ್ಷಮಿಸಿ ಎಂದು ಕೇಳಲೂ ಮುಖವಿಲ್ಲ.

ನಿಮ್ಮ ಅಳಿಯ


ಮೇ 13

ಯಂತ್ರ ಯಾರ ಹತ್ತಿರ ಇದೆ? ವಿಳಾಸ ಕಳಿಸಿ.


ಮೇ 17

ಮಾವನವರಿಗೆ,

ತೆಗೆದುಕೊಂಡವರು ಒಬ್ಬ ಹಲ್ಲಿನ ಡಾಕ್ಟರು. ನಿಮ್ಮ ಊರಿಗೂ ನಮ್ಮ ಊರಿಗೂ ಮಧ್ಯೆ, ಜಂಕ್ಷನ್ನಿನಲ್ಲಿ ಇಳಿದರೆ ರೈಲು ನಿಲ್ದಾಣದ ಎದುರು ಬೀದಿಯಲ್ಲೇ ಕ್ಲಿನಿಕ್ಕು. ಹಿಂದುಗಡೆಯ ಕೋಣೆಯಲ್ಲಿ ಆಟಿಕೆ ರೈಲಿನ ಎಂಜಿನ್ನುಗಳನ್ನು ಮಾಡುತ್ತಾರೆ. ವಿಳಾಸ ಕೆಳಗೆ ಬರೆದಿದ್ದೇನೆ.

ಆದರೆ ಮಾವ, ನೀವು ಅಲ್ಲಿಗೆ ಹೋಗಬೇಡಿ. ಈ ಸೆಕೆಯಲ್ಲಿ ರೈಲು ಪ್ರಯಾಣ ನಿಮಗೆ ಆಗುವುದಿಲ್ಲ. ಆ ಡಾಕ್ಟರು ಮಾತುಗಾರರು, ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಾರೆ. ಅವರು ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಬೇಕಿದ್ದರೆ ನಾನೇ ನಿಮ್ಮಲ್ಲಿಗೆ ಬರುತ್ತೇನೆ. ದಯವಿಟ್ಟು ಹೋಗಬೇಡಿ.

ಅಳಿಯ


ಜೂನ್ 8

ಅಳಿಯಂದಿರಿಗೆ,

ಹೋಗಿದ್ದೆ.

ಈ ಕಾಗದವನ್ನು ಹಲವು ಸಲ ಶುರು ಮಾಡಿ ಹರಿದಿದ್ದೇನೆ. ನಿಮ್ಮ ಅತ್ತೆ "ಅಷ್ಟು ಹಾಳೆ ಹಾಳು ಮಾಡೋ ಬದಲು ಅಳಿಯಂದಿರ ಹತ್ರ ಹೋಗೇ ಬಿಡಿ" ಅಂದಳು. ಮುಖ ಕೊಟ್ಟು ಹೇಳುವ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊರಟಾಗ ನನಗೆ ನಿಮ್ಮ ಮೇಲೆ ಎಂಥ ಸಿಟ್ಟಿತ್ತು ಅಂದರೆ ರೈಲಿನಲ್ಲಿ ಪಕ್ಕದವರು ಜಾಗ ಬದಲಿಸಿದರು. ಯಂತ್ರವನ್ನು ವಾಪಸು ತಂದು, ನಿಮಗೆ ಮುಖಕ್ಕೆ ಹೊಡೆದ ಹಾಗೆ ಒಂದು ಕಾಗದ ಬರೆಯಬೇಕು ಅಂತ ಪೂರ್ತಿ ಮಾತು ಜೋಡಿಸಿಟ್ಟುಕೊಂಡಿದ್ದೆ.

ಕ್ಲಿನಿಕ್ಕಿನಲ್ಲಿ ಬೆಂಚಿನ ತುಂಬಾ ಜನ, ಎಲ್ಲರೂ ಕೆನ್ನೆ ಹಿಡಿದುಕೊಂಡಿದ್ದರು. ನನ್ನ ಸರದಿ ಬಂದಾಗ ಆ ಡಾಕ್ಟರು ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ಮಲಗಿಸಿ ಬಾಯಿ ತೆರೆಸಿದರು. ಕನ್ನಡಿ ಒಳಗೆ ಹಾಕಿ "ಇದನ್ನ ಕೀಳ್ಬೇಕು" ಅಂದರು. ಹಲ್ಲಿಗಲ್ಲ, ಯಂತ್ರ ನೋಡೋಕೆ ಬಂದೆ ಅಂದೆ. ಆ ಮನುಷ್ಯನ ಮುಖ ಅರಳಿದ್ದು ನೋಡಬೇಕಿತ್ತು. ಇನ್ನೊಂದು ಕುರ್ಚಿಯಲ್ಲಿ ಬಾಯಿಗೆ ಹತ್ತಿ ತುರುಕಿಸಿಕೊಂಡು ಒಬ್ಬ ಹೆಂಗಸು ಮಲಗಿದ್ದಳು, ಅವಳನ್ನು ಹಾಗೇ ಬಿಟ್ಟು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಯಾರು ಅಂತ ಹೇಳಲಿಲ್ಲ. ಈ ಯಂತ್ರದ ಹುಚ್ಚು ಇರುವವನು ಅಂದೆ, ಅಷ್ಟೇ.

ಯಂತ್ರ ಅಲ್ಲಿತ್ತು. ಒರೆಸಿ ಒಪ್ಪವಾಗಿ ಇಟ್ಟುಕೊಂಡಿದ್ದಾರೆ. ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದೆ. ನಡುವೆ ಒಂಚೂರು ಆಟ, ತುದಿಗಳಲ್ಲಿ ಬೆಣ್ಣೆ. ನಟ್ಟು ಬದಲಿಸಿದ್ರಾ ಅಂತ ಕೇಳಿದೆ. ನನ್ನ ಕಿವಿಯ ಕಥೆ ನಿಮಗೆ ಗೊತ್ತು. ಅವರಿಗೂ ಅಷ್ಟರಲ್ಲಿ ಗೊತ್ತಾಗಿತ್ತು, ಹಾಗಾಗಿ ಕೂಗಿ ಹೇಳಿದರು. ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡರು.

"ಬದಲಿಸ್ದೆ ಸಾರ್, ಹಳೇದು ಎರಡು ತುಂಡಾಗಿತ್ತು! ಮಾರಿದ ಮನುಷ್ಯ ಪಾಪ ಒಳ್ಳೆಯವನು. ಅವನ ಮಾವ ಅಂತೆ, ಯಾರೋ ಮುದುಕ, ಕಾಗದದಲ್ಲಿ ಹೇಳ್ಕೊಟ್ಟನಂತೆ, ನಡುವೆ ನಿಲ್ಲಿಸಿ ಆಟ ಪೂರ್ತಿ ಹೋಗೋ ತನಕ ಬಿಗಿ ಮಾಡು ಅಂತ! ತುದಿಗೆ ಹೋಗ್ತಿದ್ದ ಹಾಗೇ ಪಟ್ ಅಂತ ಒಡ್ದುಹೋಯ್ತಂತೆ. ಎಂಥ ದಡ್ಡ ಇರಬೇಕು ನೋಡಿ!"

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಅವರಿಗೆ ಅನ್ನಿಸಿತು. "ದಡ್ಡ ಸಾರ್, ದಡ್ಡ ಮುದುಕ!" ಅಂತ ಇನ್ನೊಂದು ಸಲ ಕೂಗಿದರು.

ನಾನು ಹೌದು ಅಂದೆ.

ಆಮೇಲೆ ಅವರು ಮೇಜು ಸರಿಸಿ ಸ್ಕ್ರೂ ತೋರಿಸಿದರು. ತೋರಿಸಬೇಕಾಗಿರಲಿಲ್ಲ, ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ಸ್ಕ್ರೂವಿನ ನಡುಭಾಗದ ಹಲ್ಲುಗಳು ಸವೆದು ತೆಳ್ಳಗಾಗಿವೆ. ಎರಡು ತುದಿಯವು ಇನ್ನೂ ದಪ್ಪಗೆ, ಹೊಸದರ ಹಾಗೇ ಇವೆ. ಅಷ್ಟು ವರ್ಷ ನಾನು ಎಲ್ಲ ಕೆಲಸವನ್ನೂ ಮೇಜಿನ ನಡುವೆಯೇ ಮಾಡಿದವನು. ಆ ಹಲ್ಲು ಸವೆಸಿದ್ದು ನಾನೇ. ಸವೆದ ಜಾಗಕ್ಕೆ ನಟ್ಟನ್ನು ಬಿಗಿ ಮಾಡಿದರೆ ಸವೆಯದ ಜಾಗದಲ್ಲಿ ಅದು ಸಿಕ್ಕಿಕೊಳ್ಳದೆ ಇನ್ನೇನು ಮಾಡುತ್ತದೆ? ಬಿಗಿ ಮಾಡಬೇಕಿದ್ದುದು ತುದಿಯಲ್ಲಿ. ನಡುವಿನ ಆಟವನ್ನು ಹಾಗೇ ಬಿಟ್ಟು ಒಂದೇ ದಿಕ್ಕಿನಿಂದ ತಂದು ಕೊರೆಯಬೇಕಿತ್ತು. ಕೆಲಸ ಕಲಿಯುವ ಮೊದಲ ವರ್ಷದ ಹುಡುಗನಿಗೂ ಹೇಳಿಕೊಡುವ ಪಾಠ. ಯಂತ್ರ ಹೊಸದಿದ್ದಾಗಿನ ಬುದ್ಧಿಯನ್ನು ನಾನು ಹಳೇ ಯಂತ್ರಕ್ಕೆ ಹೇಳಿದೆ.

ಮನೆಗೆ ಬಂದು ನಿಮ್ಮ ಫೆಬ್ರವರಿಯ ಕಾಗದ ತೆಗೆದು ಓದಿದೆ. ತುದಿಯಲ್ಲಿ ಬಿಗಿಯಾಗುತ್ತಿದೆ, ಇಲ್ಲಿಗೇ ನಿಲ್ಲಿಸಲೇ ಅಂತ ಅಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ಒಂದೇ ದಿಕ್ಕಿನ ಉಪಾಯವನ್ನೂ ನೀವಾಗಿಯೇ ಕಂಡುಕೊಂಡು ಪರೀಕ್ಷೆ ಮಾಡಿದ್ದೀರಿ. ನಿಮಗೆ ಯಂತ್ರ ಅರ್ಥವಾಗಿತ್ತು. ನಾನು ನಿಮ್ಮ ತೋಳಿನ ಬಗ್ಗೆ ಹಾಸ್ಯ ಬರೆದೆ. ನನಗೆ ಬೇಕಿದ್ದುದು "ಆಯಿತು" ಅನ್ನುವ ಒಂದು ಪದ, ನೀವು ಅದನ್ನೇ ಬರೆದಿರಿ. ನಟ್ಟು ಒಡೆದಿದೆ ಅಂತ ಬರೆದರೆ ನಾನು ಏನು ಅನ್ನುತ್ತಿದ್ದೆ ಅಂತ ಯೋಚಿಸಿ ನೋಡಿದೆ. ನಿಮ್ಮನ್ನೇ ಬೈಯುತ್ತಿದ್ದೆ. ಅದು ನನಗೆ ಖಾತ್ರಿ.

ನಿಮ್ಮ ಅತ್ತೆ ಬಟ್ಟೆ ಮಡಿಸುತ್ತಿದ್ದಳು. "ನಾನು ತಪ್ಪು ಮಾಡಿದಾಗ ನೀನು ಹೇಳ್ತೀಯಾ?" ಅಂತ ಕೇಳಿದೆ. ಅವಳು ಮಡಿಸುತ್ತಲೇ "ಹೇಳ್ತಿದ್ದೆ, ಮೊದಲೆಲ್ಲ" ಅಂದಳು. ಆಮೇಲೆ ನನ್ನ ಅಂಗಿ ಮಡಿಸಿ ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋದಳು.

ನನಗೆ ಎಂಥ ನಾಚಿಕೆಯಾಗಿದೆ ಅಂತ ಬರೆಯಲು ಬರುತ್ತಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ಕಂಡು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದ್ದಾರೆ, ನಾನು ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಹೊರಗಿನ ಒಬ್ಬ ಹಲ್ಲಿನ ಡಾಕ್ಟರು ಕೂಗಿ ಹೇಳಬೇಕಾಯಿತು.

ಎಲ್ಲ ತಪ್ಪೂ ನನ್ನದು. ಈಗ ಅದನ್ನು ಸರಿ ಮಾಡುತ್ತೇನೆ. ಯಂತ್ರವನ್ನು ಮಾರುತ್ತೀರಾ ಅಂತ ಅವರನ್ನು ಕೇಳಿ ಬಂದಿದ್ದೇನೆ, ಯೋಚಿಸಿ ಹೇಳುತ್ತೇನೆ ಅಂದರು. ಅವರಿಂದ ಹೂಂ ಅನ್ನಿಸುವುದು ನನಗೆ ಬಿಡಿ. ಈ ತಿಂಗಳ ಕೊನೆಗೆ ಯಂತ್ರ ನಿಮ್ಮ ಹಿಂದಿನ ಕೋಣೆಗೆ ಬರುತ್ತದೆ. ಪಕ್ಕದ ಮನೆಯವರ ಜೊತೆ ನಾನು ಮಾತಾಡುತ್ತೇನೆ. ನೀವು ಮೊದಲಿನಿಂದ ಶುರು ಮಾಡಿ. ಈ ಸಲ ನಾನು ತಪ್ಪು ಹೇಳಿದರೆ ತಪ್ಪು ಅಂತ ಬರೆಯಿರಿ.

ಮಾವ


ಜೂನ್ 16

ಮಾವ,

ಪಕ್ಕದ ಮನೆಯವರು ಸದ್ದಿನ ಬಗ್ಗೆ ಏನೂ ಅಂದಿರಲಿಲ್ಲ. ಒಡೆದ ನಟ್ಟನ್ನು ಮುಚ್ಚಿಡಲು ಅವರ ತಲೆಗೆ ಕಟ್ಟಿದೆ. ನೀವು ಅವರ ಹತ್ತಿರ ಮಾತಾಡಲು ಬಂದುಬಿಟ್ಟರೆ ಕಷ್ಟ, ಹಾಗಾಗಿ ಮೊದಲು ಇದನ್ನು ಬರೆದೆ.

ನಟ್ಟು ಒಡೆದ ದಿನ ನಾನು ಅದರ ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಕೋಣೆಯಲ್ಲೇ ನೆಲದ ಮೇಲೆ ಕೂತಿದ್ದೆ. ನಿಮ್ಮ ಮಗಳು ಬಂದು ನೋಡಿ, "ಅಪ್ಪಂಗೆ ಹೇಳ್ಬೇಡಿ, ಊಟ ಬಿಟ್ಟು ಕೂತ್ಕೋತಾರೆ" ಎಂದಳು. ಅವಳು ಹೇಳಿದ್ದು ಒಂದು ನೆವ ಅಷ್ಟೇ. ಅವಳು ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ.

ಎಲ್ಲ ತಪ್ಪೂ ನಿಮ್ಮದು ಎಂದಿದ್ದೀರಿ. ತಪ್ಪು ಹೇಳಿದರೆ ತಪ್ಪು ಎಂದು ಬರೆಯಲು ಹೇಳಿದ್ದೀರಿ, ಬರೆಯುತ್ತೇನೆ. ಅದು ತಪ್ಪು. ಒಡೆಯುತ್ತದೆ ಎಂದು ನನ್ನ ಕೈಗೆ ಗೊತ್ತಾಗಿತ್ತು. ಹ್ಯಾಂಡಲ್ ಅಷ್ಟು ಬಿಗಿಯಾದಾಗ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನೀವು ಏನು ಬರೆಯುತ್ತೀರೋ ಎಂಬ ಹೆದರಿಕೆಗೆ ತಿರುಗಿಸಿದೆ. ಆಮೇಲೆ ಡಾಕ್ಟರ ಮುಂದೆ ನನ್ನ ಮಾನ ಉಳಿಸಿಕೊಳ್ಳಲು ನಿಮ್ಮ ಮೇಲೆ ಹಾಕಿದೆ. ನಿಮ್ಮ ಎದುರು ಬಾಯಿ ಬಿಡದವನು ನಿಮ್ಮ ಬೆನ್ನ ಹಿಂದೆ ಧಾರಾಳವಾಗಿ ಮಾತಾಡಿದೆ. ಆ ಮಾತನ್ನು ಬೆಂಚಿನ ತುಂಬಾ ಜನರ ಎದುರು ನೀವು ಕೇಳಿಸಿಕೊಂಡಿರಿ, ಅದೂ ಎರಡು ಸಲ. ನಾನು ಅದನ್ನು ನೆನೆದಾಗಲೆಲ್ಲ ಎಲ್ಲಿದ್ದರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರು ನನ್ನನ್ನೇ ನೋಡುತ್ತಾರೆ.

ಡಾಕ್ಟರಿಗೆ ಫೋನ್ ಮಾಡಿ, ಆವತ್ತು ಬಂದಿದ್ದವರೇ ನಮ್ಮ ಮಾವ ಎಂದು ಹೇಳಿದೆ. ಒಡೆದವನು ನಾನು ಎಂದೂ ಹೇಳಿದೆ. ಅವರು "ಅಯ್ಯೋ ದೇವರೇ" ಎಂದರು. ಆಮೇಲೆ, "ಅವರನ್ನ ಇನ್ನೊಂದ್ಸಲ ಬರೋಕೆ ಹೇಳಿ. ಮೇಜನ್ನ ಅಡ್ಡಕ್ಕೆ ಓಡಿಸೋ ಸ್ಕ್ರೂ ಇನ್ನೂ ಆಡ್ತಿದೆ, ನಂಗೆ ಬಗೆಹರೀತಿಲ್ಲ. ಹಲ್ಲಂತೂ ಕೀಳ್ಲೇಬೇಕು" ಎಂದರು. ಯಂತ್ರ ಕೊಡುವ ಮನಸ್ಸು ಅವರಿಗಿಲ್ಲ. ನೀವು ಕೇಳಿದರೆ ಮುಲಾಜಿಗೆ ಕೊಟ್ಟಾರು. ಕೇಳಬೇಡಿ. ನೀವೇ ಅಲ್ಲಿಗೆ ಹೋಗಿ ಬನ್ನಿ.

ಯಾಕೆಂದರೆ ಮಾವ, ನನಗೆ ಯಂತ್ರ ಬೇಡ. ಮೊದಲೂ ಬೇಕಿರಲಿಲ್ಲ. ಆ ಹಿಡಿಯನ್ನು ಪೇಟೆಯಲ್ಲಿ ಮಾಡಿಸಿಕೊಳ್ಳಬಹುದಿತ್ತು, ಕೊನೆಗೆ ಮಾಡಿಸಿದೆ ಕೂಡ. ನನಗೆ ಎಣ್ಣೆಯ ವಾಸನೆಗೆ ತಲೆನೋವು ಬರುತ್ತದೆ. ನಾನು ಅದನ್ನು ಕೇಳಿದ್ದು, ನಮ್ಮ ಮನೆಗೆ ಬಂದಾಗಲೆಲ್ಲ ನೀವು ಮಗಳ ಹತ್ತಿರ ಮಾತಾಡಿ, ನನ್ನ ಹತ್ತಿರ "ಅಂಗಡಿ ಹೇಗೆ ನಡೀತಿದೆ?" ಎಂದು ಕೇಳಿ ಪೇಪರ್ ಎತ್ತಿಕೊಳ್ಳುತ್ತಿದ್ದಿರಲ್ಲ, ಅದಕ್ಕೆ. ಯಂತ್ರ ಇದ್ದರೆ ಮಾತಾಡಲು ಏನಾದರೂ ಇರುತ್ತದೆ ಎಂದುಕೊಂಡೆ. ಫೆಬ್ರವರಿಯಲ್ಲಿ ನಿಮ್ಮ ಮೊದಲ ಕಾಗದ ಬಂದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಇಷ್ಟು ವರ್ಷದಲ್ಲಿ ನಾನು ನಿಮಗೆ ಬೇಡ ಎಂದದ್ದು ಇದೇ ಮೊದಲು. ಈ ತಿಂಗಳ ಕೊನೆಗೆ ಯಂತ್ರ ಕಳಿಸಬೇಡಿ. ನೀವು ಬನ್ನಿ. ನಿಮಗೆ ಈ ಕಾಗದದಿಂದ ಬೇಸರವಾಗುತ್ತದೆ ಎಂದು ಗೊತ್ತು. ಆಗಲಿ. ಬೇಸರ ಮಾಡಿಕೊಂಡೇ ಬನ್ನಿ.

ಅಳಿಯ